ಲಾಠಿ ಇಳಿಸಿ, ಗೇಟಿನಲ್ಲಿ ಎಣಿಸಿದೆ: ನನ್ನ ಅನುಭವ

ಪ್ರೇಕ್ಷಕರು ಕೂರುವ ಸ್ಟ್ಯಾಂಡಿನೊಳಗೆ ಪೊಲೀಸರನ್ನು ಅರ್ಧಕ್ಕಿಳಿಸುತ್ತೇನೆ ಎಂದಾಗ ಪಂದ್ಯಗಳ ಅನುಮತಿ ಸಭೆಯಲ್ಲಿ ಒಬ್ಬರೂ ಒಪ್ಪಲಿಲ್ಲ. ‘ಗಲಾಟೆಯಾದರೆ ಸಹಿ ಹಾಕಿದ ನಿಮ್ಮ ತಲೆಗೇ ಬರುತ್ತೆ’ ಅಂದರು. ಈಗ ಮೂರು ಸೀಸನ್ ಕಳೆದಿವೆ. 18,000 ಜನ ಹಿಡಿಯುವ ನಮ್ಮ ಫುಟ್‌ಬಾಲ್ ಮೈದಾನದಲ್ಲಿ ದಾಖಲಾದ ಹೊಡೆದಾಟ ಎರಡೋ ಮೂರೋ. ಮೊದಲು ಒಂದೇ ಸೀಸನ್ನಿನಲ್ಲಿ ಇಪ್ಪತ್ತು ದಾಟುತ್ತಿತ್ತು.

ಮೊದಲ ವರ್ಷ ಸರ್ಕಾರ ಕೊಟ್ಟ ಸುರಕ್ಷತಾ ಅನುದಾನದ ಮುಕ್ಕಾಲು ಪಾಲನ್ನು ಕ್ಯಾಮೆರಾ ಮತ್ತು ಎತ್ತರದ ಬೇಲಿಗೆ ಸುರಿದೆ. ಕ್ಯಾಮೆರಾ ನಲವತ್ತರ ಹತ್ತಿರ, ನೋಡಲು ಕೂತವರು ಇಬ್ಬರು. ಬೇಲಿಯಂತೂ ದೊಡ್ಡ ತಪ್ಪು. 1989ರಲ್ಲಿ ಇಂಗ್ಲೆಂಡಿನ ಹಿಲ್ಸ್‌ಬರೋ ಫುಟ್‌ಬಾಲ್ ಮೈದಾನದಲ್ಲಿ 97 ಜೀವ ಹೋದದ್ದು ಹೊಡೆದಾಟದಿಂದಲ್ಲ. ಮುಂದೆ ಬೇಲಿ, ಹಿಂದಿನಿಂದ ಒತ್ತಡ. ಅದು ಗೊತ್ತಿದ್ದೂ ಹಾಕಿಸಿದೆ, ಯಾಕೆಂದರೆ ತಪಾಸಣೆಗೆ ಬಂದವರ ಕಣ್ಣಿಗೆ ಬೀಳುವುದು ಬೇಲಿ, ತಲೆ ಎಣಿಕೆಯಲ್ಲ. ಎರಡನೇ ಪಂದ್ಯದಲ್ಲೇ ಹುಡುಗನೊಬ್ಬ ಬೇಲಿಗೆ ಒತ್ತಿಹೋಗಿ ಪಕ್ಕೆಲುಬು ಮುರಿದುಕೊಂಡ. ಮರುವಾರ ಕೀಳಿಸಿದೆ. ಕೀಳಿಸುವ ಕೂಲಿಗೆ ಅನುದಾನದಲ್ಲಿ ಬಾಬ್ತೇ ಇರಲಿಲ್ಲ, ಕ್ಲಬ್ಬಿನ ಹಣದಿಂದ ಕೊಡಬೇಕಾಯಿತು.

ಆಮೇಲೆ ಗೇಟಿನಲ್ಲಿ ಹೋಗಿ ನಿಂತೆ. ಬ್ರಿಟನ್ನಿನ ಮೈದಾನ ಸುರಕ್ಷತೆಯ ಕೈಪಿಡಿ ಗ್ರೀನ್ ಗೈಡ್ ಪ್ರಕಾರ, ಒಬ್ಬೊಬ್ಬರನ್ನೇ ಒಳಬಿಡುವ ಒಂದು ಟರ್ನ್‌ಸ್ಟೈಲಿಗೆ (ತಿರುಗು ಗೇಟಿಗೆ) ಗಂಟೆಗೆ ಹೆಚ್ಚೆಂದರೆ 660 ಜನ. ಬ್ಯಾಗ್ ತಪಾಸಣೆ ಸೇರಿದರೆ ನಮ್ಮಲ್ಲಿ 400 ದಾಟಲಿಲ್ಲ. ಇದ್ದದ್ದು 24 ಗೇಟು, ತೆರೆಯುತ್ತಿದ್ದದ್ದು ಆಟಕ್ಕೆ ಒಂದೇ ಗಂಟೆ ಮುಂಚೆ. ಅಂದರೆ ಸೀಟಿ ಊದುವ ಹೊತ್ತಿಗೆ ಎಂಟು ಸಾವಿರ ಜನ ಟಿಕೆಟ್ ಹಿಡಿದು ಹೊರಗೇ! ಒಳಗಿಂದ ಕೇಕೆ ಕೇಳಿದೊಡನೆ ನೂಕಾಟ, ನೂಕಾಟಕ್ಕೆ ಲಾಠಿ, ಲಾಠಿ ಏಟು ತಿಂದವನು ಒಳಗೆ ಬಂದು ಎದುರು ತಂಡದವನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದ. ನಾವು ಇಷ್ಟು ವರ್ಷ ‘ಕಿಡಿಗೇಡಿಗಳು’ ಅಂದದ್ದು ಇವರನ್ನೇ.

ಈಗ ಎರಡೂವರೆ ಗಂಟೆ ಮುಂಚೆ ತೆರೆಯುತ್ತೇವೆ. ಪ್ರತಿ ಹತ್ತು ನಿಮಿಷಕ್ಕೆ ಎಲ್ಲ ಗೇಟಿನ ಎಣಿಕೆ ನನ್ನ ಕೈಗೆ ಬರುತ್ತದೆ. ಹೊರಗೆ ಸಾವಿರಕ್ಕಿಂತ ಹೆಚ್ಚು ಜನ ಉಳಿದಿದ್ದರೆ ಆಟ ತಡ. ಇದನ್ನು ಅನುಮತಿ ಪತ್ರದ ಷರತ್ತಾಗಿಯೇ ಬರೆಸಿದೆ. ಇಲ್ಲದಿದ್ದರೆ ಪ್ರಸಾರದವರು ಬಿಡುವುದಿಲ್ಲ.

ಅನುದಾನದಲ್ಲಿ ಉಳಿದ ಹಣ ಸ್ಟೀವರ್ಡ್‌ಗಳಿಗೆ, ಅಂದರೆ ಪ್ರೇಕ್ಷಕರನ್ನು ನೋಡಿಕೊಳ್ಳುವ ಮೈದಾನದ ಸಿಬ್ಬಂದಿಗೆ. ನಿರ್ಗಮನ ಗೇಟಿಗೊಬ್ಬರು, ಬೇರೆ ಕೆಲಸ ಹೇಳುವಂತಿಲ್ಲ, ಬೀಗ ಹಾಕುವಂತಿಲ್ಲ. ಅಶ್ರುವಾಯು ಸ್ಟ್ಯಾಂಡಿನೊಳಗೆ ಬರಕೂಡದು ಎಂದು ಬರೆಸಲು ಮೂರು ಸಭೆ ಬೇಕಾದವು. 2022ರಲ್ಲಿ ಇಂಡೊನೇಷ್ಯಾದ ಕಂಜುರುಹಾನ್ ಮೈದಾನದಲ್ಲಿ 135 ಜನ ಸತ್ತದ್ದನ್ನು ಮುಂದಿಟ್ಟೆ: ಸ್ಟ್ಯಾಂಡಿನತ್ತ ಅಶ್ರುವಾಯು, ಜನ ಓಡಿದ್ದು ಇಕ್ಕಟ್ಟಾದ ಬಾಗಿಲಿಗೆ. ಫಿಫಾ ನಿಯಮದಲ್ಲೂ ಅದಕ್ಕೆ ಅವಕಾಶವಿಲ್ಲ ಎಂದ ಮೇಲೆ ಒಪ್ಪಿದರು.

ನಡುವೆ ಇನ್ನೊಂದು ಪ್ರಯೋಗ ಮಾಡಿದೆ. ಆಟ ಮುಗಿದೊಡನೆ ಎಲ್ಲರೂ ಒಟ್ಟಿಗೆ ಏಳದಿರಲಿ ಎಂದು ದೊಡ್ಡ ಪರದೆಯಲ್ಲಿ ಗೋಲುಗಳನ್ನು ಮತ್ತೆ ತೋರಿಸಿದೆ. ಗೆದ್ದವರ ಸ್ಟ್ಯಾಂಡ್ ನಿಧಾನಕ್ಕೆ ಖಾಲಿಯಾಯಿತು. ಸೋತವರ ಕಡೆ ಬಾಟಲಿ ಹಾರಿದವು. ಈಗ ಆ ಕಡೆಯ ಪರದೆಯಲ್ಲಿ ಬಸ್ಸಿನ ಸಮಯ ಮಾತ್ರ.

ಕಳೆದ ಫೈನಲ್‌ನಲ್ಲಿ ಹೊರಗೆ ಸುಮಾರು ಮೂರು ಸಾವಿರ ಜನ ಉಳಿದಿದ್ದರು. ಹನ್ನೆರಡು ನಿಮಿಷ ತಡ ಮಾಡಿಸಿದೆ. ಎರಡೂ ತಂಡದ ಮ್ಯಾನೇಜರುಗಳು ನನ್ನ ಮೇಲೆ ಕೂಗಾಡಿದರು, ನಾನು ಜಗ್ಗಲಿಲ್ಲ. ಅಂದು ಪ್ರಥಮ ಚಿಕಿತ್ಸೆಗೆ ಬಂದವರು ನಾಲ್ಕೈದು ಜನ, ಎಲ್ಲರೂ ಬಿಸಿಲಿಗೆ ಬಳಲಿದವರು.

ಅಂದು ಸಭೆಯಲ್ಲಿ ಬೇಡ ಅಂದವರೇ ಈ ಸಲ ಬೇರೆ ಮೈದಾನಗಳಿಗೂ ಬೇಕೆಂದು ಎಣಿಕೆ ಹಾಳೆಯ ನಮೂನೆ ಕೇಳಿದರು. ಕೊಟ್ಟಿದ್ದೇನೆ. ಸ್ಟೀವರ್ಡ್‌ಗಳನ್ನು ಆರಿಸುವಾಗ ಕೇಳುವ ಎರಡು ಪ್ರಶ್ನೆಗಳನ್ನು ಮಾತ್ರ ಇನ್ನೂ ಕೊಟ್ಟಿಲ್ಲ.