ದುಡಿಯುತ್ತಲೇ ಎಂಪಿಎಚ್: ಅರ್ಜಿಯಿಂದ ಡಿಸರ್ಟೇಷನ್ ತನಕ

ಹತ್ತು ಹದಿನೈದು ವರ್ಷ ದುಡಿದು ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ, ಅಂದರೆ ಎಂಪಿಎಚ್‌ಗೆ, ಹೊರಡುವವರು ಸೀಟಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಮುಗ್ಗರಿಸುವುದು ಮಾತ್ರ ಬೇರೆ ಎರಡು ಕಡೆ: ಶುರುವಿನ ಬಯೋಸ್ಟಾಟಿಸ್ಟಿಕ್ಸ್ (ಆರೋಗ್ಯದ ಅಂಕಿಅಂಶಗಳ ಲೆಕ್ಕ), ಕೊನೆಯ ಡಿಸರ್ಟೇಷನ್ (ಸ್ವಂತ ಅಧ್ಯಯನ ಮಾಡಿ ಬರೆಯುವ ಪ್ರಬಂಧ).

ಇದು ವೈದ್ಯರಿಗಷ್ಟೇ ಮೀಸಲಾದ ಓದಲ್ಲ. ದಂತವೈದ್ಯರು, ಆಯುಷ್ ವೈದ್ಯರು, ನರ್ಸ್‌ಗಳು, ಸಮಾಜಕಾರ್ಯ ಇಲ್ಲವೇ ಸಂಖ್ಯಾಶಾಸ್ತ್ರ ಓದಿದವರು ಒಂದೇ ತರಗತಿಯಲ್ಲಿ ಕೂರುತ್ತಾರೆ. ಯಾವ ಪದವಿಗೆ ಪ್ರವೇಶ ಎನ್ನುವುದು ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುವುದರಿಂದ ಆ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ನೋಡಿ. ಎಂಪಿಎಚ್ ಆದರೆ ಚಿಕಿತ್ಸೆ ಕೊಡುವ ಹಕ್ಕು ಬರುವುದಿಲ್ಲ ಎಂಬುದೂ ಗೊತ್ತಿರಲಿ.

ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಪ್ರಸನ್ನ ಸ್ಕೂಲ್, ತಿರುವನಂತಪುರದ ಅಚ್ಯುತ ಮೆನನ್ ಸೆಂಟರ್‌ಗಳಲ್ಲಿ ಎಂಪಿಎಚ್ ಇದೆ. ಸಾಮಾನ್ಯವಾಗಿ 2 ವರ್ಷದ ಪೂರ್ಣಾವಧಿ ಓದು. ರಜೆ ಇಲ್ಲದೆ ಆಗದು. ಕೇಂದ್ರ ಸರ್ಕಾರಿ ನೌಕರರಿಗೆ 5 ವರ್ಷ ಸೇವೆ ಆದ ಮೇಲೆ ಅಧ್ಯಯನ ರಜೆ ಕೇಳಬಹುದು, ಸಾಮಾನ್ಯವಾಗಿ ಇಡೀ ಸೇವೆಯಲ್ಲಿ 24 ತಿಂಗಳ ಮಿತಿ, ಜೊತೆಗೆ ಓದು ಮುಗಿಸಿ ಮರಳಿ ಸೇವೆ ಸಲ್ಲಿಸುತ್ತೇನೆಂಬ ಬಾಂಡ್. ರಾಜ್ಯ ನೌಕರರ ನಿಯಮ ಬೇರೆ. ಅರ್ಜಿ ಹಾಕುವ ಮುನ್ನವೇ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ಕಡತ ಓಡಿಸಿ. ಸೀಟು ಸಿಕ್ಕ ಮೇಲೆ ಹೊರಟ ಕಡತ ಶುಲ್ಕ ಕಟ್ಟುವ ಕೊನೇ ದಿನಕ್ಕೆ ಮುಟ್ಟುವುದಿಲ್ಲ. ರಜೆ ಸಿಗದವರು ಲಂಡನ್ ಸ್ಕೂಲ್ ಆಫ್ ಹೈಜೀನ್ ಅಂಡ್ ಟ್ರಾಪಿಕಲ್ ಮೆಡಿಸಿನ್‌ನ ದೂರಶಿಕ್ಷಣದಂಥ ದಾರಿ ನೋಡುತ್ತಾರೆ. ಸರ್ಕಾರಿ ಹುದ್ದೆಯ ಗುರಿಯಿದ್ದರೆ ಆ ಪದವಿಗೆ ಇಲ್ಲಿ ಮಾನ್ಯತೆ ಸಿಗುತ್ತದೆಯೇ ಎಂದು ದುಡ್ಡು ಕಟ್ಟುವ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ.

ಹಳೆಯ ಅಂಕಪಟ್ಟಿಗಳನ್ನು ಈಗಲೇ ಹೊರತೆಗೆಯಿರಿ. ಆಧಾರ್‌ನಲ್ಲಿ ಒಂದು ಇನಿಷಿಯಲ್, ಪದವಿಯಲ್ಲಿ ಇನ್ನೊಂದು, ಮದುವೆಯ ನಂತರ ಮತ್ತೊಂದು ಹೆಸರು: ಇದನ್ನು ಸರಿಪಡಿಸಲು ಅಫಿಡವಿಟ್ಟು, ಓಡಾಟ ಎಲ್ಲ ಸೇರಿ ವಾರಗಳು ಹಿಡಿಯುತ್ತವೆ.

ಏಕೆ ಓದಬೇಕೆಂದು ಅರ್ಜಿಯ ಜೊತೆ ಬರೆಯುವ ಉದ್ದೇಶ ಪತ್ರದಲ್ಲಿ ‘ಬಾಲ್ಯದಿಂದಲೂ ಸಮಾಜಸೇವೆಯ ಹಂಬಲ’ ಬೇಡ, ಓದುವವರು ಅಲ್ಲಿಗೇ ಹಾಳೆ ತಿರುವುತ್ತಾರೆ. ಕೆಲಸದಲ್ಲಿ ಕಂಡ ಒಂದು ತೊಡಕು ಬರೆಯಿರಿ: ‘ಕಾರ್ಖಾನೆಯಲ್ಲಿ ವರ್ಷಾ ವರ್ಷ ಬಿಪಿ ನೋಡುತ್ತೇವೆ, ಹೆಚ್ಚಿದೆ ಎಂದು ತಿಳಿದವರಲ್ಲಿ ಆರು ತಿಂಗಳ ನಂತರ ಎಷ್ಟು ಮಂದಿ ಮಾತ್ರೆ ನುಂಗುತ್ತಿದ್ದಾರೆ ಎಂಬ ಲೆಕ್ಕ ಯಾರ ಬಳಿಯೂ ಇಲ್ಲ.’ ಇದೇ ಮುಂದೆ ಡಿಸರ್ಟೇಷನ್ ವಿಷಯವೂ ಆದೀತು.

ಇನ್ನು ಬಯೋಸ್ಟಾಟಿಸ್ಟಿಕ್ಸ್‌ನ ಲೆಕ್ಕ. ತರಗತಿ ಶುರುವಾಗುವ ಮೂರು ತಿಂಗಳ ಮೊದಲೇ ಶೇಕಡಾ, ಅನುಪಾತ, ಸಂಭವನೀಯತೆ ತಿದ್ದಿಕೊಳ್ಳಿ. ಒಂದು ಮದುವೆ ಊಟ ಎಂದುಕೊಳ್ಳಿ. ಪಾಯಸ ಉಂಡ 80 ಜನರಲ್ಲಿ 48 ಮಂದಿಗೆ ವಾಂತಿಭೇದಿ, ಉಣ್ಣದ 40 ಜನರಲ್ಲಿ 6 ಮಂದಿಗೆ. ಶೇ 60 ಮತ್ತು ಶೇ 15. ಪಾಯಸ ಉಂಡವರಿಗೆ ಅಪಾಯ ನಾಲ್ಕು ಪಟ್ಟು. ಭಾಗಾಕಾರ ಇಷ್ಟೇ. ಆದರೆ ಪಾಯಸ ಬಡಿಸಿದ ಪಂಕ್ತಿಗೇ ಕೋಸಂಬರಿಯೂ ಹೋಗಿದ್ದರೆ? ತಪ್ಪು ಕೋಸಂಬರಿಯದ್ದಾಗಿದ್ದು ಹೆಸರು ಪಾಯಸಕ್ಕೆ ಬಂದಿರಬಹುದು. ಇದೇ ಕನ್‌ಫೌಂಡಿಂಗ್. ಸೂತ್ರ ಬಾಯಿಪಾಠ ಮಾಡಿದವರು ಎಡವುವುದು ಇಲ್ಲೇ.

ಡಿಸರ್ಟೇಷನ್‌ಗೆ ವಿಷಯ ಆರಿಸುವಾಗ ಸ್ಯಾಂಪಲ್ ಸೈಜನ್ನು, ಅಂದರೆ ಎಷ್ಟು ಜನರನ್ನು ಮಾತಾಡಿಸಬೇಕು ಎಂಬುದನ್ನು, ಕ್ಯಾಲೆಂಡರ್ ಪಕ್ಕ ಇಟ್ಟು ನೋಡಿ. ಶೇ 30 ಜನರಲ್ಲಿ ಇರಬಹುದಾದ ತೊಂದರೆಯನ್ನು ಶೇ 5 ಅಂಕ ಆಚೀಚೆಯ ನಿಖರತೆಯಲ್ಲಿ ಅಳೆಯಲು ರೂಢಿಯ ಸೂತ್ರ ಹೀಗೆ: ನಾಲ್ಕು ಗುಣಿಸು 30 ಗುಣಿಸು 70 (ನೂರರಲ್ಲಿ ಉಳಿದವರು), ಭಾಗಿಸು 25 (ಐದರ ವರ್ಗ): ಅಂದರೆ 336 ಜನ. ಸಿಗದವರಿಗೆಂದು ಶೇ 10 ಸೇರಿಸಿದರೆ ಸುಮಾರು 370. ಮನೆಗೊಬ್ಬರಂತೆ ಭಾನುವಾರಕ್ಕೆ 10 ಮನೆ ಸುತ್ತಿದರೂ 37 ಭಾನುವಾರ! ಬಿಡುವಿಲ್ಲದವರಿಗೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್ಎಫ್ಎಚ್ಎಸ್-5) ದತ್ತಾಂಶ ಬಳಸುವುದೇ ಜಾಣತನ. ಅಲ್ಲಿ ಸ್ಯಾಂಪ್ಲಿಂಗ್ ವೇಟ್ (ಆರಿಸಿದ ಒಬ್ಬೊಬ್ಬರೂ ಎಷ್ಟು ಜನರ ಪರವಾಗಿ ಲೆಕ್ಕಕ್ಕೆ ಬರುತ್ತಾರೆಂಬ ತೂಕ) ಹಾಕಲು ಮರೆತರೆ ಶೇಕಡಾವಾರು ಎಲ್ಲ ತಪ್ಪುತ್ತದೆ.

ಮನೆ ಮನೆಗೇ ಹೋಗುವುದಾದರೆ ಅಧ್ಯಯನದಿಂದ ಜನರಿಗೆ ತೊಂದರೆಯಾಗದಂತೆ ನೋಡುವ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಕೈಗೆ ಬರುವ ತನಕ ಒಂದು ಪ್ರಶ್ನೆಯನ್ನೂ ಕೇಳಬೇಡಿ. ಆಮೇಲೆ ಒಪ್ಪಿಗೆ ಪಡೆದರೂ ಮೊದಲು ಕಲೆಹಾಕಿದ್ದು ಲೆಕ್ಕಕ್ಕೆ ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದ ದಾಖಲೆ ಬೇಕಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಯ (ಡಿಎಚ್ಒ) ಅನುಮತಿ ಪತ್ರವೂ ಬೇಕು. ಸ್ವಂತ ಕಚೇರಿಯ ಸಿಬ್ಬಂದಿಯನ್ನೇ ಅಧ್ಯಯನ ಮಾಡುವುದು ಸುಲಭ ಅನ್ನಿಸಬಹುದು. ಕೈಕೆಳಗಿನವರು ಸಾಹೇಬರಿಗೆ ‘ಆಗಲ್ಲ’ ಅನ್ನುವುದು ಹೇಗೆ? ಸಮಿತಿ ಮೊದಲು ಕೇಳುವುದೇ ಅದನ್ನು. ಭಾಗವಹಿಸುವವರು ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ಪ್ರತಿಯನ್ನೂ ಸಮಿತಿಗೆ ಕೊಡಬೇಕಾಗುತ್ತದೆ. ‘ದತ್ತಾಂಶದ ಗೌಪ್ಯತೆಯನ್ನು ಕಾಪಾಡಲಾಗುವುದು’ ಎಂದು ಬರೆದಿದ್ದರೆ ಹೊಡೆದುಹಾಕಿ, ‘ನಿಮ್ಮ ಹೆಸರು ಯಾರಿಗೂ ಹೇಳುವುದಿಲ್ಲ’ ಎಂದು ಬರೆಯಿರಿ.