ಕಾಲಮ್ ಬಿಚ್ಚುವ ಮೊದಲು ಪ್ರೆಶರ್ ನೋಡಿ

ಎಚ್‌ಪಿಎಲ್‌ಸಿ ಅಂದರೆ ಔಷಧದಂಥ ಸ್ಯಾಂಪಲ್‌ನಲ್ಲಿರುವ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ. ಪಂಪ್ ದ್ರವವನ್ನು ಕಾಲಮ್ ಎಂಬ ಪುಡಿ ತುಂಬಿದ ಕೊಳವೆಯ ಮೂಲಕ ತಳ್ಳುತ್ತದೆ, ಹೊರಬರುವ ಒಂದೊಂದು ಅಂಶವೂ ಡಿಟೆಕ್ಟರ್‌ನ ಗ್ರಾಫ್‌ನಲ್ಲಿ ಒಂದು ಪೀಕ್ ಆಗಿ ಕಾಣುತ್ತದೆ. ಇದರಲ್ಲಿ ಪೀಕ್ ಕೆಟ್ಟಿತು ಅಂದ ಕೂಡಲೇ ಎಷ್ಟೋ ಜನರ ಕೈ ಹೋಗುವುದು ಹೊಸ ಕಾಲಮ್‌ಗೆ. ದಯವಿಟ್ಟು ಬೇಡ. ಮೊದಲು ಪ್ರೆಶರ್ ನೋಡಿ. ಅದೇ ಮೆಥಡ್, ಅದೇ ಕಾಲಮ್. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟಿದೆ? ದಿನಾ ಲಾಗ್‌ಬುಕ್‌ನಲ್ಲಿ ಬರೆದಿಟ್ಟಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಪ್ರೆಶರ್ ಜಾಸ್ತಿ ಇದ್ದರೆ ಡಿಟೆಕ್ಟರ್ ಕಡೆಯಿಂದ ಶುರು ಮಾಡಿ, ಒಂದೊಂದೇ ಕನೆಕ್ಷನ್ ಬಿಚ್ಚಿ ನೋಡುತ್ತಾ ಪಂಪ್ ಕಡೆಗೆ ಬನ್ನಿ. ಪ್ರತಿ ಸಲವೂ ಫ್ಲೋ ನಿಲ್ಲಿಸಿಯೇ ಬಿಚ್ಚಿ, ಸುರಕ್ಷತಾ ಕನ್ನಡಕ ಹಾಕಿಕೊಂಡಿರಿ. ಯಾವುದನ್ನು ತೆಗೆದಾಗ ಪ್ರೆಶರ್ ಒಮ್ಮೆಲೇ ಇಳಿಯುತ್ತದೋ, ಅದರೊಳಗೇ ಏನೋ ಕಟ್ಟಿಕೊಂಡಿದೆ. ಬಹಳ ಸಲ ಅದು ಗಾರ್ಡ್ ಕಾಲಮ್, ಅಂದರೆ ಮುಖ್ಯ ಕಾಲಮ್ ಕಾಯಲು ಅದರ ಮುಂದೆ ಹಾಕುವ ಚಿಕ್ಕ ಕಾಲಮ್, ಆಗಿರುತ್ತದೆ.

ಹಾಗೆ ಕಟ್ಟಿಕೊಳ್ಳುವುದಕ್ಕೆ ನಾನು ಜಾಸ್ತಿ ಕಂಡಿರುವ ಕಾರಣ ಫಾಸ್ಫೇಟ್ ಬಫರ್, ಅಂದರೆ ಪಿಎಚ್ ಬದಲಾಗದಂತೆ ಹಿಡಿದಿಡುವ ಉಪ್ಪಿನ ದ್ರಾವಣ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಸಂಜೆ, ಬಫರ್ ಓಡುತ್ತಿದ್ದ ಲೈನಿಗೆ ನೇರವಾಗಿ ಶುದ್ಧ ಅಸಿಟೋನೈಟ್ರೈಲ್ ಬಿಟ್ಟು ಮನೆಗೆ ಹೋಗಿದ್ದೆ. ಬೆಳಿಗ್ಗೆ ಬಂದರೆ ಪ್ರೆಶರ್ ಮಿತಿ ಮೀರಿ ಪಂಪ್ ನಿಂತಿತ್ತು. ಅಸಿಟೋನೈಟ್ರೈಲ್‌ನಲ್ಲಿ ಫಾಸ್ಫೇಟ್ ಉಪ್ಪು ಕರಗುವುದಿಲ್ಲ, ಹರಳಾಗಿ ಕೂರುತ್ತದೆ, ಆ ಹರಳು ಪಂಪಿನ ಸೀಲನ್ನೂ ತರಿಯುತ್ತದೆ. ಅದಕ್ಕೇ ರನ್ ಮುಗಿದ ಮೇಲೆ ಮೊದಲು 90 ಭಾಗ ನೀರು, 10 ಭಾಗ ಆರ್ಗ್ಯಾನಿಕ್ (ಅಸಿಟೋನೈಟ್ರೈಲ್‌ನಂಥ ದ್ರಾವಕ) ಬಿಡಿ. 250 ಎಂಎಂ ಉದ್ದ, 4.6 ಎಂಎಂ ಒಳ ಅಗಲದ ಕಾಲಮ್ ಹಿಡಿಯುವ ದ್ರವ ಸುಮಾರು 2.5 ಎಂಎಲ್, ಅದರ ಹತ್ತು ಪಟ್ಟು ಹರಿಯಬೇಕು ಅಂದರೆ ನಿಮಿಷಕ್ಕೆ 1 ಎಂಎಲ್‌ನಂತೆ 25 ನಿಮಿಷ ಬೇಕು. ಆಮೇಲಷ್ಟೇ ಆರ್ಗ್ಯಾನಿಕ್ ಏರಿಸಿ. ಹಳೆಯ ಬಫರ್‌ನಲ್ಲಿ ಪಾಚಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ, ಹಾಗಾಗಿ ದಿನಾ ಹೊಸದು ಮಾಡಿ, 0.45 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಿ.

ಪ್ರೆಶರ್ ಕುಣಿಯುತ್ತಿದ್ದರೆ ಗಾಳಿಗುಳ್ಳೆ ಇರಬಹುದು. ಪರ್ಜ್ ಮಾಡಿ, ಅಂದರೆ ಜೋರಾಗಿ ದ್ರವ ಹರಿಸಿ ಗಾಳಿ ಹೊರಗೆ ಹಾಕಿ. ಆದರೂ ನಿಲ್ಲದಿದ್ದರೆ ಪಂಪಿನಲ್ಲಿ ದ್ರವ ಹಿಂದಕ್ಕೆ ಬರದಂತೆ ತಡೆಯುವ ಚೆಕ್ ವಾಲ್ವ್ ಬಿಚ್ಚಿ ಐಸೊಪ್ರೊಪನಾಲ್‌ನಲ್ಲಿ ಸೋನಿಕೇಟ್ ಮಾಡಿ (ಶಬ್ದದ ಅಲೆಗಳಿಂದ ತೊಳೆಯಿರಿ).

ರಿಟೆನ್ಷನ್ ಟೈಮ್, ಅಂದರೆ ಪೀಕ್ ಹೊರಬರುವ ಸಮಯ, ಜಾರುತ್ತಿದೆಯಾ? ಕಾಲಮ್‌ನಲ್ಲಿ ನಿಲ್ಲದೆ ಮೊದಲೇ ಬರುವ ಸಾಲ್ವೆಂಟ್ ಪೀಕ್ ನೋಡಿ. ಅದೂ ಜಾರಿದ್ದರೆ ಫ್ಲೋ ತಪ್ಪಿದೆ, 10 ಎಂಎಲ್ ಫ್ಲಾಸ್ಕ್ ಹಿಡಿದು ಗಡಿಯಾರ ನೋಡಿ, 1 ಎಂಎಲ್ ಫ್ಲೋಗೆ ಸರಿಯಾಗಿ 10 ನಿಮಿಷ ಆಗಬೇಕು. ಸಾಲ್ವೆಂಟ್ ಪೀಕ್ ಅಲ್ಲೇ ಇದ್ದು ಔಷಧದ ಪೀಕ್ ಮಾತ್ರ ಜಾರಿದ್ದರೆ ಮೊಬೈಲ್ ಫೇಸ್ (ಕಾಲಮ್ ಮೂಲಕ ಹರಿಸುವ ದ್ರವ), ಪಿಎಚ್, ಓವನ್ ತಾಪಮಾನ ನೋಡಿ. ಪಿಎಚ್ ಅಳೆಯುವುದು ಆರ್ಗ್ಯಾನಿಕ್ ಬೆರೆಸುವ ಮೊದಲು, ಇದನ್ನು ತುಂಬಾ ಜನ ಮರೆಯುತ್ತಾರೆ.

ಎಲ್ಲಾ ಪೀಕ್‌ಗಳೂ ಸೀಳಿದ್ದರೆ ಕಾಲಮ್ ಬಾಯಿಯ ಫ್ರಿಟ್ (ಸಣ್ಣ ರಂಧ್ರಗಳ ಜಾಲರಿ) ಕಟ್ಟಿರಬಹುದು, ಇಲ್ಲವೇ ಒಳಗಿನ ಪ್ಯಾಕಿಂಗ್ ಕುಸಿದಿರಬಹುದು. ಮೊದಮೊದಲ ಪೀಕ್ ಮಾತ್ರ ಸೀಳಿದ್ದರೆ ಸ್ಯಾಂಪಲ್ ಕರಗಿಸಿದ ಡೈಲ್ಯೂಯೆಂಟ್ ಮೊಬೈಲ್ ಫೇಸ್‌ಗಿಂತ ಸ್ಟ್ರಾಂಗ್ ಆಗಿದೆಯಾ, ಅಂದರೆ ಆರ್ಗ್ಯಾನಿಕ್ ಜಾಸ್ತಿ ಇದೆಯಾ ನೋಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಮತ್ತೆ ಮೊದಲಿಂದ ಹುಡುಕಬೇಕು ಅಲ್ವಾ? ಕೆಟ್ಟ ಇಂಜೆಕ್ಷನ್‌ನ ಡೇಟಾ ಅಳಿಸಬೇಡಿ, ಮೇಲಿನವರಿಗೆ ಹೇಳಿ, ಕಾರಣ ಬರೆಯಿರಿ. ರಿಪೇರಿ ಆದ ಮೇಲೆ ಸ್ಟ್ಯಾಂಡರ್ಡ್ (ಪ್ರಮಾಣ ಗೊತ್ತಿರುವ ದ್ರಾವಣ) ಹಾಕಿ ಸಿಸ್ಟಮ್ ಸ್ಯೂಟಬಿಲಿಟಿ, ಅಂದರೆ ಯಂತ್ರ ಸರಿಯಿದೆಯೇ ಎಂಬ ಪರೀಕ್ಷೆ, ಪಾಸಾದರೆ ಮಾತ್ರ ಸ್ಯಾಂಪಲ್ ಮುಟ್ಟಿ.