ಫ್ರೀಜ್ ದಿನಾಂಕದಿಂದ ಹಿಂದಕ್ಕೆ ಎಣಿಸಿ

ನಾನು ನಿರ್ವಹಿಸುತ್ತಿರುವುದು ಮುಕ್ತ ತಂತ್ರಾಂಶದ ಒಂದು ಸಣ್ಣ ಲೈಬ್ರರಿ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಕೋಡ್. ಬಳಸುವವರಲ್ಲಿ ಹೆಚ್ಚಿನವರಿಗೆ ಅದು ಸಿಗುವುದು ಡೆಬಿಯನ್, ಉಬುಂಟು, ಫೆಡೋರಾ ಎಂಬ ಲಿನಕ್ಸ್ ವಿತರಣೆಗಳ ಪ್ಯಾಕೇಜ್ ಆಗಿಯೇ. ಆದ್ದರಿಂದ ವರ್ಷದ ಯೋಜನೆ ಹಾಕುವಾಗ ಮೊದಲು ಆ ವಿತರಣೆಗಳ ಫ್ರೀಜ್ ದಿನಾಂಕಗಳನ್ನು, ಅಂದರೆ ಬಿಡುಗಡೆಗೆ ಮುನ್ನ ಹೊಸ ಬದಲಾವಣೆಗಳಿಗೆ ತಡೆ ಬೀಳುವ ದಿನಗಳನ್ನು, ಬರೆದುಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತೇನೆ.

ಉಬುಂಟು ಹೊರಬರುವುದು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ಹೊಸ ಸೌಲಭ್ಯಗಳಿಗೆ ಬಾಗಿಲು ಸುಮಾರು ಎರಡು ತಿಂಗಳು ಮುಂಚೆಯೇ ಮುಚ್ಚುತ್ತದೆ. ಅದರ ಬಹುಪಾಲು ಪ್ಯಾಕೇಜ್‌ಗಳು ಡೆಬಿಯನ್‌ನಿಂದ ಬರುವುದರಿಂದ ನಮ್ಮ ಆವೃತ್ತಿ ಅದಕ್ಕೂ ಮೊದಲು ಅಲ್ಲಿಗೆ ತಲುಪಿರಬೇಕು.

ಎಲ್ಲಕ್ಕಿಂತ ಹೆಚ್ಚು ಸಮಯ ಬೇಡುವುದು ಎಬಿಐ (ಬಿಲ್ಡ್ ಆದ ತಂತ್ರಾಂಶಕ್ಕೂ ಲೈಬ್ರರಿಗೂ ಇರುವ ಹೊಂದಾಣಿಕೆ) ಮುರಿಯುವ ಬದಲಾವಣೆ. ಆ ಹೊಂದಾಣಿಕೆಯನ್ನು ಗುರುತಿಸುವ ಲೈಬ್ರರಿಯ ಹೆಸರು, ಅಂದರೆ ಎಸ್‌ಒನೇಮ್, ಬದಲಾದರೆ ಡೆಬಿಯನ್‌ನಲ್ಲಿ ಪ್ಯಾಕೇಜ್‌ನ ಹೆಸರೂ ಬದಲಾಗುತ್ತದೆ. ಹೊಸ ಹೆಸರಿನ ಪ್ಯಾಕೇಜ್ ಡೆಬಿಯನ್‌ನ ‘ನ್ಯೂ’ ಎಂಬ ಸರದಿಯಲ್ಲಿ ಮನುಷ್ಯರ ಪರಿಶೀಲನೆಗೆ ಕಾಯಬೇಕು. ನಂತರ ಅದನ್ನು ಅವಲಂಬಿಸಿದ ಪ್ರತಿಯೊಂದು ತಂತ್ರಾಂಶವನ್ನೂ ಮತ್ತೆ ಬಿಲ್ಡ್ ಮಾಡಬೇಕು. ಡೆಬಿಯನ್ 12 ಬಿಡುಗಡೆಯಾದದ್ದು 2023ರ ಜೂನ್ 10ರಂದು, ಆದರೆ ಇಂಥ ಬದಲಾವಣೆಗಳಿಗೆ ತಡೆ ಬಿದ್ದದ್ದು ಜನವರಿ 12ಕ್ಕೇ. ಹೀಗಾಗಿ ಎಬಿಐ ಮುರಿಯುವ ಆವೃತ್ತಿಯನ್ನು ಡೆಬಿಯನ್ ಬಿಡುಗಡೆಯಾದ ಬೆನ್ನಲ್ಲೇ ಹೊರತರುತ್ತೇನೆ. ಫ್ರೀಜ್ ಹತ್ತಿರ ಬಂದಾಗ ದೋಷ ತಿದ್ದುಪಡಿ ಮಾತ್ರ. ಎಷ್ಟೇ ಒಳ್ಳೆಯ ಸೌಲಭ್ಯವಾದರೂ ಮುಂದಿನ ಸುತ್ತಿಗೆ ಕಾಯಲಿ.

ಅಂತಿಮ ಆವೃತ್ತಿಗೆ ಕೆಲವು ವಾರ ಮೊದಲೇ ಪರೀಕ್ಷಾರ್ಥ ಟಾರ್‌ಬಾಲ್ (ಮೂಲ ಕೋಡ್‌ನ ಕಟ್ಟು) ಒಂದನ್ನು ಪ್ಯಾಕೇಜ್ ನಿರ್ವಾಹಕರಿಗೆ ಕಳುಹಿಸುತ್ತೇನೆ. ನಮ್ಮ ಗಣಕಗಳಲ್ಲಿ ಕಾಣದ ತೊಡಕುಗಳು ಅವರಲ್ಲಿ ಕಾಣುತ್ತವೆ: ಅಂತರ್ಜಾಲ ಸಂಪರ್ಕ ಬೇಡುವ ಪರೀಕ್ಷೆ, ಸಂಖ್ಯೆಯ ಬೈಟ್‌ಗಳನ್ನು ದೊಡ್ಡದರಿಂದ ಜೋಡಿಸುವ (ಬಿಗ್ ಎಂಡಿಯನ್) ಎಸ್390ಎಕ್ಸ್ ಬಗೆಯ ಗಣಕದಲ್ಲಿ ತಪ್ಪುವ ಲೆಕ್ಕ, ಕಡತವೊಂದರಲ್ಲಿ ಬಿಟ್ಟುಹೋದ ಪರವಾನಗಿ ವಿವರ. ಅವರಲ್ಲಿ ಅನೇಕರು ಸ್ವಯಂಸೇವಕರು, ಒಬ್ಬೊಬ್ಬರ ಕೈಯಲ್ಲೂ ಹತ್ತಾರು ಪ್ಯಾಕೇಜ್‌ಗಳಿರುತ್ತವೆ. ಫ್ರೀಜ್‌ನ ಹಿಂದಿನ ದಿನ ದೊಡ್ಡ ಆವೃತ್ತಿಯನ್ನು ಅವರ ತಲೆಗೆ ಕಟ್ಟುವುದು ಅನ್ಯಾಯವೆಂದೇ ನಾನು ನಂಬಿದ್ದೇನೆ. ಏನು ಬದಲಾಗಿದೆ, ಯಾವ ಅವಲಂಬನೆ ಹೊಸದು, ಎಬಿಐ ಉಳಿದಿದೆಯೇ ಎಂಬುದನ್ನು ಪತ್ರದ ಮೊದಲ ಸಾಲುಗಳಲ್ಲೇ ಬರೆಯುತ್ತೇನೆ.

ಫೆಡೋರಾದ ಮಟ್ಟಿಗೆ ಇಷ್ಟು ತಲೆಬಿಸಿ ಇಲ್ಲ. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತದೆ, ಅದರ ಅಭಿವೃದ್ಧಿ ಶಾಖೆಯಾದ ರಾಹೈಡ್ ಸದಾ ತೆರೆದಿರುತ್ತದೆ.

ಫ್ರೀಜ್ ಆದ ಮೇಲೆ ಭದ್ರತಾ ದೋಷ ಸಿಕ್ಕರೆ, ವಿತರಣೆಯಲ್ಲಿ ಉಳಿದಿರುವ ಆವೃತ್ತಿಯ ಬ್ರಾಂಚ್‌ಗೆ ತಿದ್ದುಪಡಿಯೊಂದನ್ನೇ ಪ್ರತ್ಯೇಕ ಪ್ಯಾಚ್ ಆಗಿ ಹಾಕುತ್ತೇನೆ. ಅದರೊಡನೆ ಅಕ್ಷರದೋಷದ ತಿದ್ದುಪಡಿಯನ್ನೂ ಸೇರಿಸುವುದಿಲ್ಲ. ಪ್ಯಾಚ್ ಚಿಕ್ಕದಾಗಿದ್ದಷ್ಟೂ ಬಿಡುಗಡೆ ತಂಡ ಅದನ್ನು ಬೇಗ ಓದಿ ಒಪ್ಪುತ್ತದೆ.